ಬಫೆಯಲ್ಲಿ ಮಾವನಿಗೆ ಬಡಿಸಿದ್ದು

ನಮ್ಮ ಮದುವೆಗೆ ಮಾವ ಬಂದಿರಲಿಲ್ಲ. ನನ್ನದು ಬೇರೆ ಜಾತಿ ಅನ್ನುವುದೊಂದೇ ಕಾರಣ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಬ್ಯಾಟರಾಯನಪುರದಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷ ಕಳೆದ ಮೇಲೆ ಬಾಗಲಕೋಟೆಯಿಂದ ಮಾವನ ಒಂದು ಕಾರ್ಡು ಬಂತು. ಕಣ್ಣು ತೋರಿಸಬೇಕು, ಎಂಟು ದಿನ ನಿಮ್ಮಲ್ಲಿ ಇರುತ್ತೇನೆ ಅಂತ ಎರಡೇ ಸಾಲು. ನನ್ನ ಗಂಡ ಅದನ್ನು ನಾಲ್ಕು ಸಲ ಓದಿದರು. ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ.

ಮಾವ ಬಂದರು. ಜೊತೆಗೆ ಒಂದು ದೊಡ್ಡ ತಗಡಿನ ಡಬ್ಬಿ. ಅದರ ತುಂಬ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ. ಮೊದಲ ದಿನ ನಾನು ತಟ್ಟೆ ಹಾಕಿದಾಗ ಮೆತ್ತಗೆ ಹೇಳಿದರು, "ಹೊಟ್ಟಿ ಸರಿ ಇಲ್ಲ ನೋಡವಾ. ನೀರು ಬದಲಾಗ್ಯದ. ನಂದು ನಾ ತಂದೀನಿ."

ಹೊಟ್ಟೆ ಸರಿಯಿಲ್ಲದವರು ಹಂಚಿನ ಚೂರಿನಂಥ ರೊಟ್ಟಿ ಕಟಕಟ ಕಡಿಯುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಾಲು ಕುಡಿಯುತ್ತಿದ್ದರು, ಬಾಳೆಹಣ್ಣು ತಿನ್ನುತ್ತಿದ್ದರು. ನಾನು ಒಲೆಯ ಮೇಲಿಟ್ಟದ್ದು ಯಾವುದೂ ಅವರ ತಟ್ಟೆಗೆ ಬೀಳಲಿಲ್ಲ. ಒಂದು ಕೆಟ್ಟ ಮಾತು ಆಡಲಿಲ್ಲ, ಮುಖ ಸಿಂಡರಿಸಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಹಟ ಬಿಡದೆ ದಿನಾ ಮೂರು ಜನಕ್ಕೆ ಅಡುಗೆ ಮಾಡಿದೆ, ದಿನಾ ಅವರ ಪಾಲನ್ನು ರಾತ್ರಿ ನಾನೇ ತಿಂದೆ. ಆ ವಾರ ನಾನು ದಪ್ಪಗಾದೆ ಅಂತ ಗಂಡ ತಮಾಷೆ ಮಾಡಿದರು. ನಾನು ಅವರ ಜೊತೆ ಒಂದು ಇಡೀ ದಿನ ಮಾತು ಬಿಟ್ಟೆ.

ಏಳನೆಯ ದಿನ ಭಾನುವಾರ. ಮರುದಿನ ಯಶವಂತಪುರದಿಂದ ಮಾವನ ರೈಲು. ಡಬ್ಬಿಯಲ್ಲಿ ರೊಟ್ಟಿ ಹಿಂದಿನ ರಾತ್ರಿಯೇ ಮುಗಿದಿತ್ತು. ಅದೇ ಭಾನುವಾರ ಗಂಡನ ಕಾರ್ಖಾನೆಯವರ ಕುಟುಂಬ ದಿನ. ಹೆಬ್ಬಾಳದ ಆಚೆ ಹೊಸದಾಗಿ ಒಂದು ಪಾರ್ಕು ಮಾಡಿದ್ದರು. ಜೈಂಟ್ ವೀಲು, ಪುಟಾಣಿ ರೈಲು, ಕಾಲಲ್ಲಿ ತುಳಿಯುವ ದೋಣಿ, ಸಿಮೆಂಟಿನ ಆನೆ ಒಂಟೆ, ನಡುವೆ ಶೀಟು ಹೊದಿಸಿದ ಒಂದು ದೊಡ್ಡ ಊಟದ ಹಾಲು. ಈಗ ಥೀಮ್ ಪಾರ್ಕು ನೋಡಿದ ಮೊಮ್ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆಗ ನಮಗೆ ಅದೇ ದೊಡ್ಡ ಸೋಜಿಗ.

"ಅಡಿಗಿ ಮಾಡವ್ರು ನಮ್ಮ ಪೈಕಿನೇ ಅಪ್ಪಾ, ಉಡುಪಿ ಕಡೆ ಭಟ್ಟರು," ಅಂತ ಗಂಡ ಹೇಳಿದ್ದೇ ತಡ, ಮಾವ ಕೋಟು ಹಾಕಿಕೊಂಡು ನಿಂತರು. ನನಗೆ ಮೈ ಉರಿಯಿತು. ಮುಖ ಕಾಣದ ಯಾವನೋ ಬೇಯಿಸಿದ್ದು ಹೊಟ್ಟೆಗೆ ಆಗುತ್ತದೆ, ಕಣ್ಣೆದುರಿನ ಸೊಸೆ ಬೇಯಿಸಿದ್ದು ಆಗುವುದಿಲ್ಲ. ಇವತ್ತೊಂದು ದಿನ ಕಳೆದರೆ ಅವರು ಹೊರಟುಹೋಗುತ್ತಾರೆ. ನನ್ನ ಕೈಯ ಒಂದು ತುತ್ತು ತಿನ್ನದೆ ಹೋದರೆ ಮುಂದೆಂದೂ ತಿನ್ನಲಾರರು ಅಂತ ನನಗೆ ಖಾತ್ರಿಯಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತೆ.

ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಗಂಡ ಆಯೋಜಕರ ಗುಂಪಿನಲ್ಲಿದ್ದವರು, ಜೈಂಟ್ ವೀಲಿನ ಹತ್ತಿರ ಮಕ್ಕಳ ಸಾಲು ನೋಡಿಕೊಳ್ಳುತ್ತ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. "ಅಪ್ಪನ್ನ ನೋಡ್ಕೋ, ಬರ್ತೀನಿ," ಅಂತ ದೂರದಿಂದಲೇ ಕೈಬೀಸಿದರು. ಬಫೆ ಅನ್ನುವುದನ್ನು ಅವತ್ತು ಆ ಹಾಲಿನಲ್ಲಿ ಅರ್ಧ ಜನ ಮೊದಲ ಸಲ ನೋಡುತ್ತಿದ್ದರು. ಉದ್ದನೆಯ ಮೇಜು, ಒಂದು ತುದಿಯಲ್ಲಿ ತಟ್ಟೆಗಳ ಗುಡ್ಡೆ, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಸೌತೆಕಾಯಿ, ಹಪ್ಪಳ. ಅನ್ನ, ಬಿಸಿಬೇಳೆಬಾತು, ಹುಳಿ, ಪಲ್ಯಗಳ ಪಾತ್ರೆಗಳು ತಿರುವಿನಾಚೆ, ಇನ್ನೊಂದು ಮೇಜಿನ ಮೇಲೆ.

ಮಾವ ನನಗಿಂತ ನಾಲ್ಕು ಜನ ಮುಂದಿದ್ದರು. ಉಪ್ಪಿನಕಾಯಿ ಹಾಕಿಕೊಂಡರು, ಒಂದು ಚಮಚ ಕೋಸಂಬರಿ, ಒಂದು ಹಪ್ಪಳ. ಅಷ್ಟಕ್ಕೇ ಸಾಲಿನಿಂದ ಹೊರಬಿದ್ದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು. ಯಾಕೆ ಅಂತ ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಮದುವೆ ಮನೆಯ ಊಟದಲ್ಲಿ ಎಲೆಯ ತುದಿಗೆ ಮೊದಲು ಬರುವುದು ಇವೇ ತಾನೇ? ಮಿಕ್ಕದ್ದೆಲ್ಲ ಬಡಿಸುವವರು ಕೂತಲ್ಲಿಗೇ ತರುತ್ತಾರೆ. ಹಸಿವಿನ ಅವಸರಕ್ಕೋ ಏನೋ, ಅನ್ನ ಬೀಳುವ ಮೊದಲೇ ಮಾವ ಲೋಟದ ನೀರು ಅಂಗೈಗೆ ಸುರಿದುಕೊಂಡು ತಟ್ಟೆಯ ಸುತ್ತ ಸುತ್ತಿದರು, ಒಂದು ಗುಟುಕು ಆಪೋಶನ ತೆಗೆದುಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಅನ್ನಕ್ಕೆ ಕಾಯುತ್ತ ಕೂತರು.

ಆಪೋಶನ ಆದ ಮೇಲೆ ಅವರು ಊಟದ ನಡುವೆ ಏಳುವವರಲ್ಲ. ಎದ್ದರೆ ಅವತ್ತಿನ ಊಟ ಮುಗಿದ ಹಾಗೆಯೇ, ಎಷ್ಟೇ ಹಸಿದಿರಲಿ. ಮದುವೆಗೆ ಮುಂಚೆಯೇ ಗಂಡ ನನಗೆ ಇದನ್ನು ಕತೆಯಂತೆ ಹೇಳಿದ್ದರು.

ನಿಜ ಹೇಳುತ್ತೇನೆ, ನನಗೆ ಮೊದಲು ಖುಷಿಯಾಯಿತು. ಕೂತಿರಲಿ ಅಂದುಕೊಂಡೆ. ಏಳು ದಿನ ನಾನು ಬಡಿಸಲು ಕಾದೆ, ಈಗ ಅವರು ಬಡಿಸಿಕೊಳ್ಳಲು ಕಾಯಲಿ. ನನ್ನ ತಟ್ಟೆ ತುಂಬಿಸಿಕೊಂಡು ಕಂಬದ ಮರೆಯಲ್ಲಿ ನಿಂತು ಬೇಕೆಂದೇ ಬಿಸಿಬೇಳೆಬಾತು ಬಾಯಿಗಿಟ್ಟೆ. ಅಕ್ಕಪಕ್ಕದವರು ತಿಂದು ಎದ್ದುಹೋದರು. ಮಾವ ಹಪ್ಪಳ ಮುರಿಯಲಿಲ್ಲ. ಪಾತ್ರೆ ಹಿಡಿದ ಯಾರಾದರೂ ಈ ಕಡೆ ಬರುತ್ತಾರೇನೋ ಅಂತ ಒಂದೊಂದು ಸಲ ಕತ್ತೆತ್ತಿ ನೋಡುವರು, ಮತ್ತೆ ತಟ್ಟೆ ನೋಡುವರು.

ಆಗ ಎಂಜಲು ತಟ್ಟೆ ಎತ್ತುವ ಮನುಷ್ಯ ಬಂದ. "ಆಯ್ತಾ ಯಜಮಾನ್ರೇ?" ಅಂತ ಕೈ ಚಾಚಿದ. ಮಾವ ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದರು.

"ಅನ್ನ ಬಂದಿಲ್ರೀ ಇನ್ನೂ."

"ಯಾರೂ ತಂದ್ಕೊಡಲ್ಲ ಸಾರ್. ನೀವೇ ಎದ್ದೋಗಿ ಹಾಕ್ಕೋಬೇಕು."

ಮಾವನ ಮುಖ ಸಣ್ಣದಾಯಿತು. "ಇರ್ಲಿ ಬಿಡ್ರಿ. ಇಷ್ಟ ಸಾಕು," ಅಂದು ಕೋಸಂಬರಿಗೆ ಕೈ ಹಾಕಿದರು.

ನನಗೆ ನಾಚಿಕೆ, ಕರುಣೆ, ಸಿಟ್ಟು ಎಲ್ಲ ಒಟ್ಟಿಗೇ ಬಂತು. ತಟ್ಟೆ ಕೆಳಗಿಟ್ಟು ಕೈ ತೊಳೆದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ನೇರವಾಗಿ ಅನ್ನದ ಮೇಜಿಗೆ ಹೋಗಿ ಸೌಟಿನ ಸಮೇತ ಪಾತ್ರೆ ಎತ್ತಿದೆ.

"ಮೇಡಂ, ಪಾತ್ರೆ ಎತ್ತಂಗಿಲ್ಲ!" ಅಂದ ಅಲ್ಲಿದ್ದವನು.

"ಐದು ನಿಮಿಷ ಕಣ್ರೀ, ಓಡಿಹೋಗಲ್ಲ ನಾನು," ಅಂದೆ. ನನ್ನ ಮುಖ ಹೇಗಿತ್ತೋ, ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಬೆಂಚಿನ ಎದುರು ಹೋಗಿ ನಿಂತೆ. ಅನ್ನ ಮಾಡಿದವರು ಭಟ್ಟರೇ ಇರಬಹುದು, ಬಡಿಸುವ ಕೈ ನನ್ನದು. ಅವರ ಲೆಕ್ಕದಲ್ಲಿ ನಾನು ಬೇಯಿಸುವುದಕ್ಕೂ ಬಡಿಸುವುದಕ್ಕೂ ವ್ಯತ್ಯಾಸವಿಲ್ಲ ಅಂತ ನನಗೆ ಗೊತ್ತಿತ್ತು. ಇಷ್ಟು ಜನರ ಮುಂದೆ ಬೇಡ ಅಂದರೆ ಮುಗಿಯಿತು, ಮತ್ತೆ ಅವರ ಮುಖ ನೋಡುವುದಕ್ಕಾಗುವುದಿಲ್ಲ.

"ಮಾವಾ, ಅನ್ನ ಬಡಿಸ್ಲಾ?"

ಮಾವ ತಲೆಯೆತ್ತಲಿಲ್ಲ. ತಟ್ಟೆಯನ್ನೇ ನೋಡುತ್ತ ಕೂತರು. ಹೊರಗೆ ಪುಟಾಣಿ ರೈಲು ಒಂದು ಸುತ್ತು ಮುಗಿಸಿ ಸಿಳ್ಳೆ ಹಾಕಿತು. ನಾನು ಪಾತ್ರೆಯನ್ನು ಸೊಂಟದ ಮೇಲೆ ಸರಿಮಾಡಿಕೊಂಡೆ. ಆಮೇಲೆ ಅವರು ಬಲಗೈ ಬೆರಳಿಂದ ಉಪ್ಪಿನಕಾಯಿಯನ್ನು, ಕೋಸಂಬರಿಯನ್ನು ಮೆಲ್ಲಗೆ ಅಂಚಿಗೆ ಸರಿಸಿ, ತಟ್ಟೆಯ ನಡುವೆ ಜಾಗ ಮಾಡಿದರು.

ಎರಡು ಸೌಟು ಹಾಕಿದೆ. ಓಡಿಹೋಗಿ ಹುಳಿ ತಂದೆ, ಪಲ್ಯ ತಂದೆ, ತುಪ್ಪ ಕೇಳಿ ಇಸಕೊಂಡು ಬಂದೆ. ಮಾವ ಕಲಸಿ ಉಂಡರು. ಏಳು ದಿನದ ಹಸಿವು ಒಂದೇ ಸಲ ಬಂದವರ ಹಾಗೆ ಉಂಡರು. ಪಕ್ಕದ ಬೆಂಚಿನಲ್ಲಿ ವಿಜಾಪುರದ ಕಡೆಯ ಒಬ್ಬ ಅಜ್ಜಿ ಬರೀ ಹಪ್ಪಳ ಹಿಡಿದುಕೊಂಡು ಕೂತಿದ್ದರು. "ನನಗೂ ಒಂದೀಟು ಹಾಕವ್ವಾ, ನಿನಗ ಪುಣ್ಯಾ ಬರ್ತದ," ಅಂದರು. ಅವರಿಗೂ ಬಡಿಸಿದೆ. ಅಷ್ಟರಲ್ಲಿ ಗಂಡ ಬೆವರೊರೆಸಿಕೊಳ್ಳುತ್ತ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಸದ್ಯ, ಬಾಯಿ ಬಿಡಲಿಲ್ಲ. ಏನಾದರೂ ಅಂದಿದ್ದರೆ ಮಾವ ಕೈ ತೊಳೆದುಬಿಡುತ್ತಿದ್ದರೇನೋ.

"ಇನ್ನೊಂದೀಟು ಮಾವಾ?"

"ಮಜ್ಜಿಗಿಗೆ ಹಾಕು."

ಊಟ ಮುಗಿದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಟವೆಲು ಕೊಟ್ಟೆ. ಮಾವ ನಿಧಾನವಾಗಿ ಬೆರಳು ಬೆರಳು ಒರೆಸಿಕೊಂಡರು. ನನ್ನ ಮುಖ ನೋಡದೆ, ಸಿಮೆಂಟಿನ ಒಂಟೆಯ ಕಡೆ ನೋಡುತ್ತ ಅಂದರು, "ಹುಳಿ ಭಾಳ ನೀರಾಗಿತ್ತು. ರಾತ್ರಿ ಮನ್ಯಾಗ ಮಾಡಿದ್ರ ಸ್ವಲ್ಪ ಗಟ್ಟಿ ಮಾಡು."