ಮಾಸ್ತರರು ಓದದೇ ಬಿಟ್ಟ ಹಾಳೆ

ಇದನ್ನು ಕೈಯಲ್ಲಿ ಬರೆದು, ಫೋಟೊ ತೆಗೆದು ಹಾಕಿದ್ದೇನೆ. ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ಓದಿದ್ದು ಐದನೇ ತರಗತಿಯಷ್ಟೇ. ನಿನ್ನೆ ಕೊಪ್ಪಳದ ಅಂಗಡಿಯಲ್ಲಿ ನಮ್ಮ ಕತೆಗಾರ ಮಾಸ್ತರರ ಪುಸ್ತಕ ಕಂಡೆ.

ಯಲಬುರ್ಗಾದ ತಮ್ಮ ಮನೆಯ ಕಟ್ಟೆಯ ಮೇಲೆ ನಾವು ಚಿಕ್ಕವರಿದ್ದಾಗ ಅವರು ಭಾನುವಾರ ನಮಗೆ ಬರೆಯಲು ಕಲಿಸುತ್ತಿದ್ದರು. ಕೊನೆಗೆ ಎಲ್ಲರ ಹಾಳೆಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ಅಪ್ಪ ಅವ್ವನಿಗೆ ಹೊಡೆದದ್ದನ್ನು ನಾನು ಬರೆದ ದಿನವೇ, ಕರೆದೊಯ್ಯಲು ಅಪ್ಪ ಬಂದು ನಿಂತ.

"ಮನ್ಯಾಗ ಬಾಯಿ ಬಿಡಂಗಿಲ್ಲ, ಇಲ್ಲೇನ್ ಬರದಾಳ್ರಿ ಮಾಸ್ತರ? ಓದ್ರಿ, ಕೇಳೂಣು."

ಮಾಸ್ತರರು ಹಾಳೆ ನೋಡಿದರು, ಅಪ್ಪನನ್ನು ನೋಡಿದರು, ಮಡಚಿ ನನ್ನ ಕೈಗಿಟ್ಟರು.

"ಭಾಳ ಛಲೋ ಬರದಾಳ. ಇದನ್ನ ಆಕಿನ ಓದಬೇಕು, ಧೈರ್ಯ ಬಂದಾಗ."

ಅಪ್ಪನ ಹಿಂದೆ ಮನೆಗೆ ನಡೆದೆ. ಮುಷ್ಟಿಯಲ್ಲಿದ್ದ ಹಾಳೆ ಬೆವರಿಗೆ ಒದ್ದೆಯಾಯಿತು.

ಇವತ್ತು ಬೆಳಿಗ್ಗೆ ಅವ್ವನ ಒಪ್ಪಿಗೆ ಕೇಳಿ, ಆ ಹಾಳೆಯ ಮಾತನ್ನು ಇಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.