ಗಾಜಿಗೆ ಎಷ್ಟೆತ್ತರ ಸ್ಟಿಕ್ಕರ್

ಮನೆಯ ಜಗುಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ನಾನು ಕಮ್ಮರಡಿಯ ಬಸ್‌ಸ್ಟಾಪಿನ ಪಕ್ಕದಲ್ಲೇ ಒಂದು ಅಂಗಡಿ ಹಿಡಿದೆ. ಮುಂಭಾಗಕ್ಕೆ ದೊಡ್ಡ ಗಾಜು. ಅದೇ ನನಗೆ ದೊಡ್ಡಸ್ತಿಕೆ. ಬಂದ ಹೆಂಗಸರು ಮಾತ್ರ, ರಸ್ತೆಗೆ ಒಳಗೆಲ್ಲ ಕಾಣುತ್ತದೆಂದು, ಮೈ ಅಳತೆ ಕೊಡಲು ಒಪ್ಪುತ್ತಿರಲಿಲ್ಲ. ಅಳತೆಗೆಂದು ಹಳೇ ಬ್ಲೌಸೊಂದನ್ನು ಮೇಜಿನ ಮೇಲಿಟ್ಟು ಹೊರಟುಬಿಡುತ್ತಿದ್ದರು. ಅದನ್ನು ನೋಡಿ ಹೊಲಿದದ್ದು ಬಿಗಿಯಾದರೆ ಬೈಗುಳ ನನಗೆ. ಹೀಗೇ ಆದರೆ ಅಂಗಡಿ ಮುಚ್ಚಿ ಜಗುಲಿಗೆ ಮರಳಬೇಕಿತ್ತು.

ಮರೆಯಾಗಲೆಂದು ಕೊಪ್ಪದಿಂದ ಸ್ಟಿಕ್ಕರ್ ಅಂಟಿಸುವವನನ್ನು ಕರೆಸಿದೆ. ಹಾಲುಬಣ್ಣದ ಹಾಳೆ, ಅಂಚಿಗೆ ಹೂಬಳ್ಳಿ. ಒಳಗಿನಿಂದಲೋ ಹೊರಗಿನಿಂದಲೋ, ನೀರು ಹಾಕಿಯೋ ಹಾಕದೆಯೋ ಎಂದು ಕೇಳಿ ಕೇಳಿ ಅವನ ತಲೆ ತಿಂದೆ.

"ಹೊರಗೆ ಹಾಕಿದ್ರೆ ಮಳೆಗೆ ಅಂಚು ಏಳ್ತದೆ ಅಕ್ಕ, ಒಳಗೇ ಹಾಕುವ. ಸೋಪಿನ ನೀರು ಇದ್ರೆ ಸರಿ ಕೂರುವವರೆಗೂ ಜಾರಿಸ್ಬಹುದು" ಎಂದ.

ಎತ್ತರವನ್ನು ಮಾತ್ರ ನಾನೇ ತೀರ್ಮಾನಿಸಿದೆ. ರಸ್ತೆಯಲ್ಲಿ ನಿಂತು ನೋಡಿ, ಉದ್ದದ ಗಂಡಸಿನ ತಲೆಗಿಂತ ಒಂದು ಗೇಣು ಮೇಲೆ ಗೆರೆ ಎಳೆಸಿದೆ. ಉಳಿದದ್ದು ಬೆಳಕಿಗೆ; ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರಲಾಗುವುದಿಲ್ಲ. ಅವನು ನೀರು ಚಿಮುಕಿಸಿ, ಹಾಳೆ ಜಾರಿಸಿ, ಪಟ್ಟಿಯಿಂದ ಒತ್ತಿ ಗುಳ್ಳೆ ತೆಗೆಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೂ ಹಳೇ ಬ್ಲೌಸುಗಳೇ ಬಂದವು. ನನಗೆ ಸಿಟ್ಟು ಬಂತು. ಒಬ್ಬಾಕೆಯನ್ನು ಕೇಳಿಯೇಬಿಟ್ಟೆ.

"ಇನ್ನೆಂತ ಕಾಣ್ತದೆ ಮಾರಾಯ್ತಿ?"

"ನೀವೊಂದ್ಸಲ ಬಸ್ಸಲ್ಲಿ ಕೂತು ನೋಡಿ ಅಕ್ಕ."

ಮರುದಿನ ತಂಗಿಯನ್ನು ಅಂಗಡಿಯಲ್ಲಿ ನಿಲ್ಲಿಸಿ, ಕೊಪ್ಪದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಹೂಬಳ್ಳಿಯ ಮೇಲಿಂದ ಅಂಗಡಿಯ ಒಳಗೆಲ್ಲ ಕಾಣುತ್ತಿತ್ತು. ತಂಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಿಂದಿನ ಸೀಟಿನವನೂ ಅತ್ತಲೇ ನೋಡುತ್ತಿದ್ದ. ಎತ್ತರದ ಲೆಕ್ಕ ಹಾಕುವಾಗ ಬಸ್ಸೇ ನನ್ನ ತಲೆಗೆ ಹೊಳೆದಿರಲಿಲ್ಲ. ಅವರದು ಅತಿ ಸಂಕೋಚವೆಂದು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಮುಂದಿನ ಸ್ಟಾಪಿನಲ್ಲೇ ಇಳಿದು ಸ್ಟಿಕ್ಕರಿನವನಿಗೆ ಫೋನು ಮಾಡಿದೆ. ಈ ಸಲ ಹಾಳೆ ಗಾಜಿನ ತುದಿ ಮುಟ್ಟಿತು. ಕತ್ತಲಾಗುತ್ತದೆಂದು ಹೆದರಿದ್ದೆ, ಬೆಳಕು ಕೊಂಚ ಮೆತ್ತಗಾಯಿತು, ಅಷ್ಟೇ.

ಬಸ್ಸು ಹತ್ತಿ ನೋಡಿ ಎಂದಿದ್ದಾಕೆ ಆ ವಾರವೇ ಬಂದಳು. ಹೊರಗೆ ಬಸ್ಸು ಬಂದು ನಿಂತಿತು. ಅವಳು ಗಾಜನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ನನ್ನ ಮುಂದೆ ಬಂದು ಎರಡೂ ಕೈ ಎತ್ತಿ ನಿಂತಳು.

"ನಿಧಾನಕ್ಕೆ ತೆಗೀರಿ ಅಕ್ಕ. ಎರಡು ಹೆರಿಗೆ ಆಯ್ತು, ನನ್ನ ಅಳತೆ ಎಷ್ಟಂತ ನಂಗೇ ಗೊತ್ತಿಲ್ಲ."