ಬೇಕರಿಯ ಮಹಡಿಯಲ್ಲಿ ಸೋಬಾನೆ

ಅದು ಭಾನುವಾರ. ಚಾಮರಾಜನಗರದ ನಮ್ಮ ಬಾಡಿಗೆ ಮನೆಯೊಳಗೆ ಹುಡುಗಿಯರಿಗೆ ಸೋಬಾನೆ ಪದ ಹೇಳಿಕೊಡುತ್ತಿದ್ದೆ. ನನ್ನ ಗಂಡ ಚೆಲುವಯ್ಯ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ.

"ಮೆಲ್ಲಗೆ ಪದ ಏಳ್ರಮ್ಮಿ. ಮದ್ವೆ ಮನೆ ಅನ್ಕಂಡು ಯಾರಾರ ಉಣ್ಣಕ್ಕೆ ಬಂದ್ಬುಟ್ಟಾರು," ಅಂದ.

ಹುಡುಗಿಯರು ನಕ್ಕರು. ನಾನು ಬೈದೆ. ರಾತ್ರಿ ಅವರೆಕಾಳು ಸಾರು. ಉಪ್ಪು ಕಮ್ಮಿ ಅಂದ, ಮತ್ತೆ ಬಡಿಸಿಕೊಂಡ.

ಮಾರನೆ ದಿನ ಗುಂಡ್ಲುಪೇಟೆಗೆ ಅರಿಶಿನದ ಮೂಟೆ ಹೊರಲು ಹೋದ. ಎದೆ ಹಿಡಿದುಕೊಂಡು ಮೂಟೆಯ ಪಕ್ಕದಲ್ಲೇ ಕೂತನಂತೆ. ಏಳಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹರದನಹಳ್ಳಿಯಲ್ಲಿ ಅವ್ವನಿಂದ ಕಲಿತ ಪದಗಳೇ ನನ್ನ ವಿದ್ಯೆ. ಒಂದು ಶಾಲೆಯಲ್ಲಿ ಹಾಡು ಹೇಳಿಕೊಡುವ ಕೆಲಸ ಇದೆ. ಅಲ್ಲಿ ಮೇಡಂ ಅನ್ನುತ್ತಾರೆ. ಆದರೆ ಸೋಬಾನೆ ಇರುವುದು ಮದುವೆ ಮನೆಗೆ. ಎಣ್ಣೆ ಎರೆಯುವಾಗ, ಅರಿಶಿನ ಹಚ್ಚುವಾಗ, ಹೆಣ್ಣು ಒಪ್ಪಿಸುವಾಗ ನಾನು ಒಂದು ಸಾಲು ಎತ್ತುತ್ತಿದ್ದೆ. ಮಿಕ್ಕ ಹೆಂಗಸರು ಅದನ್ನೇ ತಿರುಗಿ ಹಾಡುತ್ತಿದ್ದರು.

ಗಂಡ ಸತ್ತ ಮೇಲೆ ಕರೆಯುವುದು ನಿಂತಿತು. ಯಾರೂ ಜಗಳ ಆಡಲಿಲ್ಲ. ಕುದೇರಿನಲ್ಲಿ ನನ್ನ ಭಾವ, ಚೆಲುವಯ್ಯನ ಅಣ್ಣ ಸಿದ್ದಮಲ್ಲಪ್ಪನ ಮಗಳ ಮದುವೆಗೆ ಹೋದೆ. ಶಾಸ್ತ್ರದ ಹೊತ್ತಿಗೆ ಅವನ ಹೆಂಡತಿ ನನ್ನ ಕೈಗೆ ಈರುಳ್ಳಿ ಬುಟ್ಟಿ ಕೊಟ್ಟಳು.

"ನೀನು ಇತ್ಲಾಗಿರು ಸೋಮಿ. ಬೇಜಾರ್ ಮಾಡ್ಕಬ್ಯಾಡ."

ಚಪ್ಪರದಡಿ ನನ್ನ ಶಿಷ್ಯೆ ಭವ್ಯ ಮತ್ತು ಅವಳ ಜೊತೆಯವರು ಹಾಡಿದರು. ಎಲ್ಲ ನಾನು ಹೇಳಿಕೊಟ್ಟ ಪದಗಳು. ಹೇಳಿಕೊಡುವಾಗ ಒಂದು ಸಾಲಿನ ಹತ್ತಿರ ನಾನು ಕೆಮ್ಮುತ್ತಿದ್ದೆ, ಧೂಳಿಗೆ. ಅದೂ ಪದದ್ದೇ ಅಂದುಕೊಂಡು ಅಲ್ಲೇ ಎಲ್ಲರೂ ಒಟ್ಟಿಗೆ ಕೆಮ್ಮಿದರು. ಈರುಳ್ಳಿ ಹೆಚ್ಚುತ್ತಾ ಕೇಳಿದೆ. ನಗು ಬಂತು. ಹೇಳಿಕೊಳ್ಳೋಣ ಅಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ನನಗೆ ಮತ್ತೆ ಹಾಡಬೇಕಿತ್ತು. ಹೇಳಿಕೊಡುವುದಲ್ಲ, ಜನರ ಮುಂದೆ ಹಾಡುವುದು. ಪಕ್ಕದ ಮನೆಯ ಬುಶ್ರಾಗೆ ಹೇಳಿದೆ. ಅವಳ ಅಣ್ಣ ಖಲೀಲ್ ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟಿದ್ದಾನೆ. ಮಹಡಿಯಲ್ಲಿ ಕೂತು ತಿನ್ನಲು ಟೇಬಲ್ಲುಗಳಿವೆ.

"ಮದ್ವೆಗೆ ಕರೀದಿದ್ರೆ ಬಿಡಿ ಆಂಟಿ. ಫಾರಿನ್ನಲ್ಲಿ ಕ್ಯಾಬರೆ ಅಂತ ಮಾಡ್ತಾರೆ. ಜನ ತಿಂತಾ ಕೂತಿರ್ತಾರೆ. ಒಬ್ರು ಮಧ್ಯದಲ್ಲಿ ನಿಂತು ಹಾಡ್ತಾರೆ, ತಮ್ಮ ಕಥೆ ಹೇಳ್ತಾರೆ."

"ಥೂ! ಸಿನಿಮಾದಲ್ಲಿ ಅರ್ದಂಬರ್ದ ಬಟ್ಟೇಲಿ ಕುಣಿತಾರಲ್ಲ, ಅದಾ?"

"ನಿಮ್ ಮಂಡಿನೋವಿಗೆ ಯಾರು ಕುಣಿಸ್ತಾರೆ!"

ಫೋನಿನಲ್ಲಿ ತೋರಿಸಿದಳು. ನನ್ನ ವಯಸ್ಸಿನ ದಪ್ಪ ಹೆಂಗಸು. ಮೈತುಂಬ ಬಟ್ಟೆ. ಹಾಡಿದಳು, ಮಾತಾಡಿದಳು, ನಗಿಸಿದಳು. ಭಾಷೆ ತಿಳಿಯಲಿಲ್ಲ. ಕೆಲಸ ತಿಳಿಯಿತು. ಬೇಕರಿ ಮಹಡಿಯಲ್ಲಿ ಒಂದು ಸಂಜೆ ಹಾಡಿ ಅಂತ ಖಲೀಲನೂ ಒಪ್ಪಿದ.

ಶಾಲೆ ಮುಗಿಸಿ ಬಂದು ದಿನಾ ಸ್ವಲ್ಪ ಸ್ವಲ್ಪ ಕಟ್ಟಿದೆ. ಎಣ್ಣೆಯ ಪದದಿಂದ ಹೆಣ್ಣು ಒಪ್ಪಿಸುವ ಪದದವರೆಗೆ. ನಡುವೆ ಮಾತು. ಚೆಲುವಯ್ಯ ಹೆಣ್ಣು ನೋಡಲು ಅವರಪ್ಪನ ಚಪ್ಪಲಿ ಹಾಕಿಕೊಂಡು ಬಂದು, ಹೋಗುವಾಗ ನಮ್ಮಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋದದ್ದು. ತಿರುಗಿ ಹಾಡುವವರು ಬೇಕಿತ್ತು. ಭವ್ಯಳನ್ನು ಕೇಳಿದೆ. "ನಮ್ಮವ್ವ ಬ್ಯಾಡ ಅಂದ್ಲು ಮೇಡಂ," ಅಂದಳು ನೆಲ ನೋಡುತ್ತಾ. ಸಾಲು ಎತ್ತುವುದು, ತಿರುಗಿ ಹಾಡುವುದು ಎರಡೂ ನಾನೇ ಅಂತ ಮಾಡಿದೆ.

ಸುದ್ದಿ ಕೇಳಿ ಸಿದ್ದಮಲ್ಲಪ್ಪ ಬಂದ.

"ಗಂಡ ಸತ್ತೋಳು ಸೋಬಾನೆ ಏಳುದ್ರೆ ಕೇಳ್ದೋರ್ಗೆ ಒಳ್ಳೇದಾಯ್ತದಾ?"

"ಅದು ಯಾರ ಮದ್ವೇನೂ ಅಲ್ಲ ಬಾವ. ಟೀ ಕುಡೀತಾ ಕೂತಿರ್ತಾರೆ."

"ಮನೆ ಮಾನ ಕಳೀಬ್ಯಾಡ ಕಣಮ್ಮಿ."

"ನೀವೂ ಬನ್ನಿ. ಪಪ್ಸ್ ಕೊಡುಸ್ತೀನಿ."

ಎದ್ದು ಹೋದ. ಆಮೇಲೆ ಅವರ ಮನೆಯಿಂದ ಯಾರೂ ಬಂದಿಲ್ಲ.

ಆ ಸಂಜೆ ಬೇಕರಿ ಮಹಡಿಯಲ್ಲಿ ಅರ್ಧದಷ್ಟು ಟೇಬಲ್ಲುಗಳು ತುಂಬಿದ್ದವು. ಊಟಿಗೆ ಹೋಗುವ ಹುಡುಗರು, ಖಲೀಲನ ಮನೆಯವರು, ಬೇಗೂರಿನ ಒಂದು ಸಂಸಾರ. ಮೊದಲೇ ಹೇಳಿಬಿಟ್ಟೆ.

"ನನ್ ಗಂಡ ಇಲ್ಲ. ಆದ್ರೂ ಸೋಬಾನೆ ಏಳ್ತೀನಿ. ಬ್ಯಾಡ ಅನ್ನೋರು ಟೀ ಕುಡ್ಕಂಡು ಓಗಿ."

ಬೇಗೂರಿನ ಹೆಂಗಸು ಹೊಸದಾಗಿ ಮದುವೆಯಾದ ಮಗಳ ಕೈ ಹಿಡಿದು ಎದ್ದಳು. ಮಗಳು ಮೆಟ್ಟಿಲ ಹತ್ತಿರ ನಿಂತು ತಿರುಗಿ ನೋಡಿದಳು. ಅವ್ವ ಎಳೆದುಕೊಂಡು ಹೋದಳು. ಮಿಕ್ಕವರು ಕೂತರು.

ಹಾಡಿದೆ. ಚಪ್ಪಲಿಯ ಮಾತಿಗೆ ನಕ್ಕರು. ಹೆಣ್ಣು ಒಪ್ಪಿಸುವ ಪದದಲ್ಲಿ ಸಾಲು ಎತ್ತಿದೆ. ತಿರುಗಿ ಹಾಡಲು ಉಸಿರು ಇರಲಿಲ್ಲ. ಯಾರಾದರೂ ಹಾಡುತ್ತಾರೇನೋ ಅಂತ ನೋಡಿದೆ. ಅವರಿಗೆ ಪದ ಬಾರದು. ಕಪ್ಪು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಉಸಿರು ತಂದುಕೊಂಡು ನಾನೇ ಮುಗಿಸಿದೆ.

ಚಪ್ಪಾಳೆ ತಟ್ಟಿದರು. "ಮುಂದಿನ ತಿಂಗಳೂ ಬನ್ನಿ ಆಂಟಿ," ಅಂದ ಖಲೀಲ್.

ಬಸ್ಸಿನಲ್ಲಿ ಬಂದೆ. ಬೀಗ ತೆಗೆದೆ. ಹೇಗಾಯಿತು ಅಂತ ಕೇಳುವವರು ಇರಲಿಲ್ಲ. ಸೀರೆ ಮಡಿಸಿಟ್ಟು ಮಲಗಿದೆ.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಎದ್ದು ಹೋಗುವವರು ಈಗಲೂ ಇದ್ದಾರೆ. ಉಸಿರು ಇನ್ನೂ ಸಾಲದು. ಬೆಳಿಗ್ಗೆ ಬೀದಿ ನಲ್ಲಿಗೆ ನೀರು ಬಿಡುತ್ತಾರೆ. ಕೊಡ ತುಂಬಿ ಸೊಂಟಕ್ಕಿಟ್ಟು ಒಂದು ಸಾಲು ಎತ್ತುತ್ತೇನೆ. ನಡುವೆ ಉಸಿರಿಗೆ ನಿಲ್ಲದೆ ಅದನ್ನೇ ತಿರುಗಿ ಹಾಡುತ್ತಾ ಮನೆ ಸೇರಬೇಕು. ಕೆಲವು ದಿನ ಆಗುತ್ತದೆ. ನೀರು ಹಂಡೆಗೆ ಸುರಿದು, ಖಾಲಿ ಕೊಡ ಎತ್ತಿಕೊಂಡು ಮತ್ತೆ ಹೋಗುತ್ತೇನೆ.